ಬರೆದವರು ಒಬ್ಬರು, ಓಡಾಡೋರು ಇನ್ನೊಬ್ಬರು

ಮಾಜಿ ಸೈನಿಕರ ಸೇವಾ ದಾಖಲೆ ತಿದ್ದುಪಡಿ ಬಗ್ಗೆ ನನ್ನದೊಂದು ತಕರಾರು ಇದೆ. ದಾಖಲೆ ಬರೆದದ್ದು ಆಫೀಸು. ಇಟ್ಟುಕೊಂಡದ್ದೂ ಆಫೀಸು. ಕಳೆದಿದ್ದರೆ ಅದೂ ಆಫೀಸಿನಲ್ಲೇ ಕಳೆದಿರಬೇಕು. ಹಾಗಿರುವಾಗ ತಪ್ಪಾಗಿದೆ ಅಂತ ಸಾಬೀತು ಮಾಡುವ ಹೊರೆ ಎಪ್ಪತ್ತು ದಾಟಿದ ಮನುಷ್ಯನ ತಲೆ ಮೇಲೆ ಯಾಕೆ?

ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮನೆ ಪುಣೆಯ ಬೋಪೋಡಿಯಲ್ಲಿ. ಒಂದು ಕಡೆ ಖಡಕಿ ಕಂಟೋನ್ಮೆಂಟ್, ಇನ್ನೊಂದು ಕಡೆ ದಾಪೋಡಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಬಂದು ನೆಲೆಸಿದವರು ಸುತ್ತಮುತ್ತ ಸಾಕಷ್ಟಿದ್ದಾರೆ. ಫೌಜಿನಿಂದ ನಿವೃತ್ತಿಯಾಗಿ, ಮಕ್ಕಳ ಕೆಲಸ ಇಲ್ಲೇ ಇದೆ ಅಂತ ಉಳಿದುಕೊಂಡವರೂ ಇದ್ದಾರೆ. ಇಂಗ್ಲಿಷಿನಲ್ಲಿ ಅರ್ಜಿ ಬರೆಯಬೇಕಾದಾಗ ನನ್ನ ಹತ್ತಿರ ಬರುತ್ತಾರೆ. ಅವರು ತಂದ ಕಾಗದಗಳನ್ನು ಓದಿ ಓದಿ ಬಂದ ಸಿಟ್ಟು ಇದು.

ಮೊದಲು ಈ ದಾಖಲೆ ಹೇಗೆ ಹುಟ್ಟುತ್ತದೆ ನೋಡಿ. ಒಂದೊಂದು ದಳಕ್ಕೂ ಒಂದೊಂದು ರೆಕಾರ್ಡ್ ಆಫೀಸು. ಬಾಂಬೆ ಸ್ಯಾಪರ್ಸ್‌ನದು ಇಲ್ಲೇ ಖಡಕಿಯಲ್ಲಿ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ, ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ, ಆರ್ಟಿಲರಿಯದು ನಾಸಿಕ್ ರೋಡಿನಲ್ಲಿ. ಜವಾನ ಇರುವುದು ಎಲ್ಲೋ ಗಡಿಯಲ್ಲಿ. ಅವನಿಗೆ ಮದುವೆಯಾಯಿತು, ಮಗು ಹುಟ್ಟಿತು ಎಂದರೆ ಅವನ ಯೂನಿಟ್ ಪಾರ್ಟ್ ಟು ಆರ್ಡರ್ ಹೊರಡಿಸಬೇಕು. ಅದು ರೆಕಾರ್ಡ್ ಆಫೀಸಿಗೆ ತಲುಪಿ ಅವನ ಕಡತಕ್ಕೆ ಏರಬೇಕು. ಪಾರ್ಟ್ ಟು ಆಗಿಲ್ಲವೋ, ಮನೆಯಲ್ಲಿ ತೊಟ್ಟಿಲು ತೂಗುತ್ತಿದ್ದರೂ ಫೌಜಿನ ಲೆಕ್ಕದಲ್ಲಿ ಆ ಮಗು ಹುಟ್ಟೇ ಇಲ್ಲ.

ನಮ್ಮ ಕಡೆಯ ಹೆಸರುಗಳು ಬೇರೆ ಊರಿನ ಕ್ಲರ್ಕಿನ ಕೈಯಲ್ಲಿ ಏನಾಗುತ್ತವೆ ಅಂತ ನಿಮಗೇ ಗೊತ್ತು. ‘ಅವ್ವ’ ಅಂತ ಮುಗಿಯುವ ಹೆಸರಿಗೆ ‘ಬಾಯಿ’ ಸೇರುತ್ತದೆ, ಇಲ್ಲವೇ ‘ದೇವಿ’ ಬರುತ್ತದೆ. ಅಪ್ಪನ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ ಕೂರುತ್ತದೆ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಹೆಸರು ಬದಲಾಯಿಸಿದ್ದರಂತೂ ಕೇಳಲೇಬೇಡಿ. ಸಂಬಳ ಬರುತ್ತಿರುವವರೆಗೆ ಇದು ಯಾರಿಗೂ ಕಾಣುವುದಿಲ್ಲ. ಪಿಂಚಣಿ ಬರುವಾಗಲೂ ಕಾಣದೆ ಹೋಗಬಹುದು. ಗಂಡ ತೀರಿಕೊಂಡು ಹೆಂಡತಿ ಫ್ಯಾಮಿಲಿ ಪೆನ್ಷನ್ನಿಗೆ ಅರ್ಜಿ ಹಾಕಿದಾಗ ಕಾಣುತ್ತದೆ. ಪಿಪಿಒದಲ್ಲಿ, ಅಂದ್ರೆ ಪಿಂಚಣಿ ಮಂಜೂರಾತಿ ಪತ್ರದಲ್ಲಿ, ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಈಗ ಸೇನೆಯ ಪಿಂಚಣಿಯೆಲ್ಲ ಸ್ಪರ್ಶ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ. ಹಳೇ ಬ್ಯಾಂಕ್ ಮ್ಯಾನೇಜರ್ ಹಾಗೆ ಮುಖ ನೋಡಿ ‘ಅಯ್ಯೋ ಇವರೇ ಅಲ್ವಾ’ ಅನ್ನೋರು ಯಾರಿದ್ದಾರೆ ಅಲ್ಲಿ?

ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಅಫಿಡವಿಟ್ ಜೊತೆ ಎರಡು ಪತ್ರಿಕೆಯಲ್ಲಿ ಜಾಹೀರಾತು ಕೊಡಿ ಅಂದಿದ್ದರು. ಒಂದು ಇಂಗ್ಲಿಷ್, ಒಂದು ಮರಾಠಿ. ಅವರನ್ನು ಹುಟ್ಟಿದಾಗಿನಿಂದ ಬಲ್ಲವರೆಲ್ಲ ಇಂಡಿ ತಾಲೂಕಿನಲ್ಲಿದ್ದಾರೆ. ಎರಡೂ ಹೆಸರಿನವರು ಒಬ್ಬರೇ ಅಂತ ಪುಣೆಯ ಮರಾಠಿ ಓದುಗರಿಗೆ ಸಾರಿ ಹೇಳಿದ್ದಾಯಿತು!

ಇದು ಓದು ಕಡಿಮೆ ಇರುವ ಬಡಪಾಯಿಗಳ ಗೋಳು ಅಂದುಕೊಳ್ಳಬೇಡಿ. ಜನರಲ್ ವಿ.ಕೆ. ಸಿಂಗ್ ಪ್ರಕರಣ ನೆನಪಿದೆಯಾ? ಆಗ ದೇಶದ ಭೂಸೇನೆಯ ಮುಖ್ಯಸ್ಥರು. ಮೆಟ್ರಿಕ್ ಸರ್ಟಿಫಿಕೇಟಿನಲ್ಲಿ ಹುಟ್ಟಿದ್ದು 1951ರ ಮೇ 10. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಸೇರುವಾಗ ತುಂಬಿದ ಅರ್ಜಿಯಲ್ಲಿ 1950. ಸೇನಾ ಮುಖ್ಯಾಲಯದ ಒಂದು ವಿಭಾಗ ಒಂದು ವರ್ಷ ಇಟ್ಟುಕೊಂಡಿತ್ತು, ಇನ್ನೊಂದು ವಿಭಾಗ ಇನ್ನೊಂದು. ಎರಡೂ ಒಂದೇ ಸೈನ್ಯದ ದಾಖಲೆಗಳೇ. ಕೊನೆಗೆ ಅವರು ಸುಪ್ರೀಂ ಕೋರ್ಟಿಗೆ ಹೋದರು. 2012ರ ಫೆಬ್ರವರಿಯಲ್ಲಿ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅದೇ ವರ್ಷ ಮೇ ಕೊನೆಗೆ ನಿವೃತ್ತರಾದರು. ಯಾರ ಕಡೆ ನ್ಯಾಯ ಇತ್ತು ಅನ್ನುವ ಚರ್ಚೆ ಬೇಡ. ಮುಖ್ಯಸ್ಥರಿಗೇ ಒಂದು ಅಂಕಿ ತಿದ್ದಿಸಲು ಆಗಲಿಲ್ಲ ಎಂದಮೇಲೆ ಹವಾಲ್ದಾರನ ಪಾಡೇನು?

ಹುಟ್ಟಿದ ತಾರೀಖಿನ ವಿಷಯದಲ್ಲಿ ಬಿಗಿ ಇರಲಿ, ನಾನು ಒಪ್ಪುತ್ತೇನೆ. ಅದನ್ನು ಸಡಿಲ ಬಿಟ್ಟರೆ ಎಲ್ಲರೂ ನಿವೃತ್ತಿಯ ಹಿಂದಿನ ವರ್ಷ ಚಿಕ್ಕವರಾಗುತ್ತಾರೆ. ಆದರೆ ಗಾಯದ ದಾಖಲೆ ಹಾಗಲ್ಲ.

ನಮ್ಮ ಕಟ್ಟಡದಲ್ಲಿ ಒಬ್ಬರು ಹಿರಿಯರಿದ್ದಾರೆ. ಎಲ್ಲರೂ ಫೌಜಿ ಕಾಕಾ ಅನ್ನುತ್ತಾರೆ. ರೆಜಿಮೆಂಟ್ ಯಾವುದು ಅಂತ ಇಲ್ಲಿ ಬೇಡ. 1980ರ ದಶಕದ ಕೊನೆಯಲ್ಲಿ ಸಿಯಾಚಿನ್‌ನಲ್ಲಿದ್ದರು. ಸಾಮಾನು ಹೊತ್ತು ಪೋಸ್ಟಿಗೆ ಹೋಗುವಾಗ ಬಿದ್ದು ಬಲಮೊಣಕಾಲು ಹೋಯಿತು. ಮಿಲಿಟರಿ ಆಸ್ಪತ್ರೆಯಲ್ಲಿದ್ದರು. ಅಲ್ಲಿಂದ ಬಿಡುಗಡೆಯಾದ ಚೀಟಿ ಇನ್ನೂ ಅವರ ಹತ್ತಿರ ಇದೆ. ನಾಲ್ಕು ಮಡಿಕೆ. ಮಡಿಕೆಯ ಗೆರೆಯಲ್ಲೇ ಹರಿದಿದೆ, ಹಿಂದೆ ಸೆಲ್ಲೋಟೇಪ್ ಹಚ್ಚಿದ್ದಾರೆ, ಆ ಟೇಪು ಹಳದಿಯಾಗಿ ಅದರ ಅಡಿಯ ಅಕ್ಷರಗಳೂ ಹೋಗಿವೆ. ತಾರೀಖು, ಡಾಕ್ಟರ ಸಹಿ, ಬಲಮೊಣಕಾಲು ಅನ್ನುವುದು ಓದಲು ಬರುತ್ತದೆ. ಎಲ್ಲಿ, ಹೇಗೆ ಬಿದ್ದರು ಅನ್ನುವ ಸಾಲು ಇದ್ದದ್ದು ಸರಿಯಾಗಿ ಆ ಮಡಿಕೆಯ ಮೇಲೆ.

ಗಾಯವಾದಾಗ ಯೂನಿಟ್ಟಿನಲ್ಲಿ ಇಂಜುರಿ ರಿಪೋರ್ಟ್ ತುಂಬಬೇಕು. ಐಎಎಫ್‌ವೈ 2006 ಅಂತ ಅದರ ನಂಬರು. ಡಾಕ್ಟರು ಗಾಯ ಎಂಥದು ಬರೆಯುತ್ತಾರೆ. ಡ್ಯೂಟಿ ಮೇಲಿದ್ದಾಗ ಆದದ್ದೋ ಅಲ್ಲವೋ ಅನ್ನುವುದಕ್ಕೆ ಯೂನಿಟ್ಟಿನ ಮುಖ್ಯಸ್ಥರಾದ ಸಿಒ ಸಾಹೇಬರ ಸಹಿ. ಮುಂದಿನ ಅಂಗವೈಕಲ್ಯ ಪಿಂಚಣಿಯೆಲ್ಲ ಆ ಒಂದು ಹಾಳೆಯ ಮೇಲೆ ನಿಂತಿರುತ್ತದೆ. ಕಾಕಾ ಅವರ ಕಡತದಲ್ಲಿ ಆ ಹಾಳೆ ಇಲ್ಲ. ನಿವೃತ್ತಿ ವೇಳೆ ಮೆಡಿಕಲ್ ಬೋರ್ಡ್ ಕೂತಾಗ ಮೊಣಕಾಲು ಕೆಟ್ಟಿದೆ ಅಂತ ಒಪ್ಪಿದರು, ಶೇಕಡಾ 30 ಅಂತಲೂ ಬರೆದರು. ಮುಂದೆ ‘ಎನ್‌ಎಎನ್‌ಎ’. ಅಂದ್ರೆ ಸೇವೆಯಿಂದ ಆದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಸಿಯಾಚಿನ್‌ಗೆ ಇವರು ಹನಿಮೂನಿಗೆ ಹೋಗಿದ್ದರೇನೋ!

ಗಾಯದ ನಮೂದು ಬಿಟ್ಟುಹೋಗಿದೆ, ಸೇರಿಸಿ ಅಂತ ಅರ್ಜಿ ಹಾಕಿದರು. ಬಂದ ಉತ್ತರ ಮುಕ್ಕಾಲು ಪುಟ. ನಿಮ್ಮ ದಾಖಲೆಯಲ್ಲಿ ಅಂಥ ಗಾಯದ ನಮೂದು ಇಲ್ಲ, ಆದ್ದರಿಂದ ಪರಿಗಣಿಸಲು ಬರುವುದಿಲ್ಲ. ಇಲ್ಲ ಅಂತಲೇ ತಾನೆ ಕಾಕಾ ಬರೆದದ್ದು? ಕಾಕಾ ಪತ್ರ ನನ್ನ ಮುಂದಿಟ್ಟು, “ಸಾಹೇಬ್ರ, ಕಾಲು ನಂದು, ಕಾಗದ ಅವರದು. ಈಗ ಅವರ ಕಾಗದ ನಾ ಎಲ್ಲಿಂದ ತರ್ಲಿ?” ಅಂದರು. ನಾನೇನು ಹೇಳಲಿ.

ಕಾನೂನು ಮಾತ್ರ ಇಷ್ಟು ಕಲ್ಲುಮನಸ್ಸಿನದಲ್ಲ. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಸೇರುವಾಗ ಕಾಯಿಲೆಯ ಗುರುತು ದಾಖಲೆಯಲ್ಲಿ ಇಲ್ಲದಿದ್ದರೆ ಅವನು ಗಟ್ಟಿಮುಟ್ಟಾಗಿಯೇ ಸೇರಿದ ಅಂತ ತಿಳಿಯಬೇಕು, ಆಮೇಲೆ ಕೆಟ್ಟ ಆರೋಗ್ಯಕ್ಕೆ ಸೇವೆ ಕಾರಣವಲ್ಲ ಅಂತ ತೋರಿಸುವ ಭಾರ ಸರ್ಕಾರದ್ದು, ಅವನದಲ್ಲ. ಸಂಶಯದ ಲಾಭ ಸೈನಿಕನಿಗೆ. ಆದರೆ ಆ ತೀರ್ಪು ಕೆಳಗಿನ ಮೇಜಿಗೆ ಇಳಿಯುವುದೇ ಇಲ್ಲ. ಪ್ರತಿಯೊಬ್ಬನೂ ಟ್ರಿಬ್ಯೂನಲ್ಲಿಗೆ ಹೋಗಿಯೇ ಅದನ್ನು ಪಡೆಯಬೇಕು. 2007ರ ಕಾಯ್ದೆಯಿಂದ ಬಂದ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ ಒಳ್ಳೆಯದೇ, ಮುಂಬೈಯಲ್ಲಿ ಬೆಂಚ್ ಕೂಡ ಇದೆ. ಆದರೆ ಮೊಣಕಾಲು ಇಲ್ಲದವರಿಗೆ ಪುಣೆಯಿಂದ ಮುಂಬೈಗೆ ಓಡಾಡುವುದೇನು ಸುಲಭವಾ? ಗೆದ್ದರೂ ತಡ ಮಾಡಿದ್ದಕ್ಕೆ ದಂಡ ಇದೆ. 2008ರ ತರ್ಸೇಮ್ ಸಿಂಗ್ ಪ್ರಕರಣದ ಪ್ರಕಾರ ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಹಾಕುವ ಹಿಂದಿನ ಮೂರು ವರ್ಷದ್ದು ಮಾತ್ರ. ತರ್ಸೇಮ್ ಸಿಂಗ್ 1983ರಲ್ಲಿ ಸೇನೆಯಿಂದ ಹೊರಬಂದು 1999ರಲ್ಲಿ ಹೈಕೋರ್ಟಿಗೆ ಹೋಗಿದ್ದರು. ತಪ್ಪು ಎಷ್ಟು ಹಳೆಯದಾದರೆ ಸರ್ಕಾರಕ್ಕೆ ಅಷ್ಟು ಉಳಿತಾಯ.

ಅಮೆರಿಕದಲ್ಲಿ ಇದಕ್ಕೆಂದೇ ಮಂಡಳಿಗಳಿವೆ. 1946ರ ಕಾನೂನಿನಿಂದ ಬಂದವು. ಸೈನಿಕ ದಾಖಲೆ ತಿದ್ದುವುದೇ ಅವುಗಳ ಕೆಲಸ. ಕೂರುವವರು ನಾಗರಿಕರು, ಸಮವಸ್ತ್ರದವರಲ್ಲ. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು, ಆದರೆ ನ್ಯಾಯಕ್ಕೆ ಅಗತ್ಯ ಅನ್ನಿಸಿದರೆ ಆ ಮಿತಿಯನ್ನೂ ಬಿಟ್ಟುಕೊಡುತ್ತಾರೆ. ಅಲ್ಲೂ ಎಲ್ಲ ಹಾಲುಜೇನಲ್ಲ, ಅಲ್ಲೂ ಮೊದಲ ಭಾರ ಅರ್ಜಿದಾರನದೇ. ಆದರೆ 1973ರ ಜುಲೈಯಲ್ಲಿ ಸೇಂಟ್ ಲೂಯಿಸ್‌ನ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಕಡತ ಸುಟ್ಟುಹೋದಾಗ, ಸಂಬಳದ ವೋಚರು, ಯೂನಿಟ್ಟಿನ ದಿನವಹಿ ವರದಿಗಳನ್ನು ಹುಡುಕಿ ಸೇವಾ ವಿವರವನ್ನು ಮತ್ತೆ ಕಟ್ಟಿಕೊಡುವ ಕೆಲಸವನ್ನು ಆಫೀಸೇ ಹೊತ್ತುಕೊಂಡಿತು.

ನಮ್ಮಲ್ಲಿ ಬೆಂಕಿಯೇ ಬೇಕಿಲ್ಲ. ಪಿಂಚಣಿ ಇಲ್ಲದೆ ಹೊರಬಂದ ಜವಾನರ ಕಡತವನ್ನು 25 ವರ್ಷ ಇಟ್ಟು ನಾಶ ಮಾಡುವ ನಿಯಮವೇ ಇದೆ. ಜಾಗ ಇಲ್ಲ ಅನ್ನುವುದು ಅರ್ಥವಾಗುತ್ತದೆ. ಸ್ಕ್ಯಾನ್ ಮಾಡಿ ಇಡುವ ಈ ಕಾಲದಲ್ಲೂ ಯಾಕೆ? ನಾಶ ಮಾಡುವ ಮೊದಲು ಆ ಮನುಷ್ಯನಿಗೆ ಒಂದು ಪ್ರತಿ ಕಳಿಸಬಾರದಾ?

ನನ್ನ ಬೇಡಿಕೆ ದೊಡ್ಡದಲ್ಲ. ನಿನ್ನ ದಾಖಲೆಯಲ್ಲಿ ಇಲ್ಲ ಅಂತ ಉತ್ತರ ಬರೆಯುವ ಮೊದಲು ರೆಕಾರ್ಡ್ ಆಫೀಸು ತಾನೇ ಆಸ್ಪತ್ರೆಯ ದಾಖಲೆ, ಯೂನಿಟ್ಟಿನ ದಾಖಲೆ ತರಿಸಿ ನೋಡಬೇಕು. ಸುಳ್ಳು ಅರ್ಜಿಗಳೂ ಬರುತ್ತವೆ, ಕಮಿಷನ್ ಏಜೆಂಟರೂ ಇದ್ದಾರೆ, ಗೊತ್ತು. ಹುಡುಕಿದರೆ ಅವೂ ಸಿಕ್ಕಿಬೀಳುತ್ತವೆ.

ಅದು ಆಗುವವರೆಗೆ ನಮ್ಮವರು ಇಷ್ಟಾದರೂ ಮಾಡಿ. ಆರ್‌ಟಿಐ ಅರ್ಜಿಗೆ ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಶೀಟ್ ರೋಲ್ (ಸೇವಾ ವಿವರದ ಹಾಳೆ), ಮೆಡಿಕಲ್ ಬೋರ್ಡಿನ ಕಾಗದ, ಇಂಜುರಿ ರಿಪೋರ್ಟ್ ಮೂರರ ಪ್ರತಿಯನ್ನೂ ಹೆಸರು ಹೇಳಿ ಕೇಳಿ. ಸುಮ್ನೆ ‘ನನ್ನ ದಾಖಲೆ ಕೊಡಿ’ ಅಂತ ಬರೆದರೆ ಏನೂ ಬರುವುದಿಲ್ಲ. ಪಿಪಿಒದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ತಾರೀಖು ಆಧಾರ್ ಜೊತೆ ಇವತ್ತೇ ಹೊಂದಿಸಿ ನೋಡಿ. ಬದುಕಿರುವಾಗ ನೀವೇ ಸಹಿ ಹಾಕಿ ತಿದ್ದಿಸುವುದಕ್ಕೂ, ಆಮೇಲೆ ನಿಮ್ಮ ಹೆಂಡತಿ ಒಬ್ಬರೇ ಓಡಾಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಫೌಜಿ ಕಾಕಾ ಅವರ ಮೆಡಿಕಲ್ ಬೋರ್ಡಿನ ಪ್ರತಿ ಬಂದಿದೆ. ಆಸ್ಪತ್ರೆಗೆ ಬೇರೆ ಆರ್‌ಟಿಐ ಹೋಗಿದೆ. ಜೊತೆಗಿದ್ದ ಇಬ್ಬರು ಅಫಿಡವಿಟ್ ಕೊಡಲು ಒಪ್ಪಿದ್ದಾರೆ. ಖಡಕಿ, ಬೋಪೋಡಿ, ದಾಪೋಡಿ ಕಡೆ ಯಾರಿಗಾದರೂ ಅರ್ಜಿ ಬರೆಸುವುದಿದ್ದರೆ ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ. ಡಿಸ್ಚಾರ್ಜ್ ಬುಕ್ ಅಸಲಿಯೇ ತನ್ನಿ, ಮೊಬೈಲಿನ ಫೋಟೋದಲ್ಲಿ ಆ ಸಣ್ಣಕ್ಷರ ನನ್ನ ಕಣ್ಣಿಗೆ ಕಾಣುವುದಿಲ್ಲ.