ನೋಹನ ನೌಕೆಗೆ ಮಕ್ಕಳನ್ನು ಕರೆದೊಯ್ಯುವವರಿಗೆ

ಅಮೆರಿಕದ ಕೆಂಟಕಿ ರಾಜ್ಯದ ವಿಲಿಯಮ್ಸ್‌ಟೌನ್‌ನಲ್ಲಿರುವ ‘ಆರ್ಕ್ ಎನ್‌ಕೌಂಟರ್’ಗೆ, ಅಂದರೆ ಬೈಬಲ್ಲಿನ ಪ್ರಳಯದ ಕಥೆಯಲ್ಲಿ ಬರುವ ನೋಹನ ನೌಕೆಯನ್ನು ಮರದಲ್ಲಿ ಕಟ್ಟಿ ತೋರಿಸುವ ಕ್ರೈಸ್ತ ಉದ್ಯಾನಕ್ಕೆ, ನಾನು ಅಮ್ಮ ಮತ್ತು ಮಕ್ಕಳೊಂದಿಗೆ ಹೋಗಿಬಂದ ಮೇಲೆ, ಅಂಥ ಜಾಗವನ್ನು ಮಕ್ಕಳಿಗೆ ತೋರಿಸುವುದು ಸರಿಯೇ ಎಂದು ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಿದ್ದಾರೆ. ಖಂಡಿತ ತೋರಿಸಬೇಕು, ಆದರೆ ಅಷ್ಟಕ್ಕೇ ನಿಲ್ಲಿಸಬಾರದು ಎಂಬುದು ನನ್ನ ಅಭಿಪ್ರಾಯ.

ಬೈಬಲ್ಲಿನಲ್ಲಿ ಮೊಳದ ಲೆಕ್ಕದಲ್ಲಿ ಹೇಳಿರುವ ಅಳತೆಯನ್ನೇ ಹಿಡಿದು ಕಟ್ಟಿ, 2016ರ ಜುಲೈನಲ್ಲಿ ತೆರೆದ ಈ ನೌಕೆ 510 ಅಡಿ ಉದ್ದ, 51 ಅಡಿ ಎತ್ತರವಿದೆ. ಸರಳ ಬದುಕಿನ ಆಮಿಶ್ ಎಂಬ ಕ್ರೈಸ್ತ ಪಂಗಡದ ಬಡಗಿಗಳೂ ದುಡಿದ ಆ ಮರಗೆಲಸದ ಕೆಳಗೆ ನಿಂತು ದಪ್ಪ ದಿಮ್ಮಿಗಳ ಜೋಡಣೆಯನ್ನು ನೋಡಿದರೆ, ಯಾವ ಧರ್ಮದವರಿಗಾದರೂ ಗೌರವ ಮೂಡುತ್ತದೆ. ಶಿಲುಬೆಯ ಆಕಾರದಲ್ಲಿ ಬೆಳಕು ಬೀಳುವ ದೊಡ್ಡ ಬಾಗಿಲಿನ ಮುಂದೆ ಅಮ್ಮ ಚಪ್ಪಲಿ ಕಳಚಿ ಕೈಮುಗಿದರು. ಮನುವಿನ ದೋಣಿಯನ್ನು ಮತ್ಸ್ಯ ಎಳೆದೊಯ್ದ ಕಥೆಯನ್ನು ಕೇಳುತ್ತ ಬೆಳೆದವರಿಗೆ ಪ್ರಳಯದ ಕಥೆ ಪರಕೀಯವಲ್ಲ.

ನನಗೆ ನೋವಾದದ್ದು ಒಳಗಿನ ಫಲಕಗಳಿಂದ. ಭೂಮಿಗೆ ಸುಮಾರು 6,000 ವರ್ಷವೆಂದೂ, ನೌಕೆಯಲ್ಲಿ ಡೈನೋಸಾರ್‌ಗಳೂ ಇದ್ದವೆಂದೂ ಅಲ್ಲಿ ವಿಜ್ಞಾನದ ಭಾಷೆಯಲ್ಲೇ ಬರೆಯಲಾಗಿದೆ. ಪಂಜರದೊಳಗೆ ಡೈನೋಸಾರ್ ಗೊಂಬೆಗಳನ್ನೂ ಇಟ್ಟಿದ್ದಾರೆ. ನಂಬಿಕೆಯನ್ನು ನಂಬಿಕೆಯೆಂದು ಹೇಳಿದ್ದರೆ ನನ್ನ ತಕರಾರೇನೂ ಇರುತ್ತಿರಲಿಲ್ಲ. ಮನುಷ್ಯನ ಪಾಪ, ದೇವರ ಕೋಪ, ಉಳಿದವರ ಹೊಣೆ ಇವನ್ನೆಲ್ಲ ಹೇಳುವ ಅಷ್ಟು ದೊಡ್ಡ ಕಥೆಯನ್ನು ಪ್ರಾಣಿಗಳ ಮೇವು, ನೀರು, ಸಗಣಿ ವಿಲೇವಾರಿಯ ಲೆಕ್ಕಕ್ಕೆ ಇಳಿಸಿದಾಗ ಕಥೆಯೂ ಬಡವಾಗುತ್ತದೆ, ಓದುವ ಮಗುವಿಗೂ ತಪ್ಪು ತಿಳಿವಳಿಕೆ ಸಿಗುತ್ತದೆ. ಪುಷ್ಪಕ ವಿಮಾನಕ್ಕೆ ಎಂಜಿನ್ ಇತ್ತೆಂದು ವಾದಿಸುವ ನಮ್ಮವರಿಗೂ ನಾನು ಹೇಳುವುದು ಇದನ್ನೇ.

ಹಾಗಾಗಿ ಅಲ್ಲಿಂದ ಹೊರಟವರು ಪಕ್ಕದ ಓಹಾಯೋ ರಾಜ್ಯದ ಸಿನ್ಸಿನಾಟಿ ದಾಟಿ ಶ್ಯಾರನ್‌ವಿಲ್‌ನಲ್ಲಿರುವ, ಪಳೆಯುಳಿಕೆಗಳನ್ನು ಹುಡುಕಬಹುದಾದ ಟ್ರಾಮೆಲ್ ಫಾಸಿಲ್ ಪಾರ್ಕಿಗೂ ಹೋಗಬೇಕೆಂದು ನನ್ನ ಆಗ್ರಹ. ಅಲ್ಲಿನ ಬೋಳು ಗುಡ್ಡದ ಸುಣ್ಣಕಲ್ಲು ಮತ್ತು ಜೇಡಿಪದರಗಳು ಸುಮಾರು 45 ಕೋಟಿ ವರ್ಷಗಳ ಹಿಂದಿನ ಕಡಲತಳ. ಬಗ್ಗಿ ಒಂದು ಚೂರು ಎತ್ತಿಕೊಂಡರೆ, ಬೀಸಣಿಗೆಯಂತೆ ಗೆರೆಗೆರೆಯಾಗಿರುವ ಚಿಪ್ಪುಗಳು ಒಂದರ ಮೇಲೊಂದು ಅಂಟಿಕೊಂಡಿರುವುದು ಬರಿಗಣ್ಣಿಗೇ ಕಾಣುತ್ತದೆ. ಸಿಕ್ಕಿದ ಪಳೆಯುಳಿಕೆಯನ್ನು ಮಕ್ಕಳು ಮನೆಗೂ ತರಬಹುದು. ಫಲಕದ ಮಾತು ನಿಜವೋ ಕಲ್ಲಿನ ಮಾತು ನಿಜವೋ ಎಂದು ಮಗಳು ಕಾರಿನಲ್ಲಿ ಕೇಳಿದಾಗ, ಕಲ್ಲಿನ ವಯಸ್ಸನ್ನು ಹೇಗೆ ಅಳೆಯುತ್ತಾರೆಂದು ವಿವರಿಸಲು ನನಗೆ ದಾರಿಯುದ್ದಕ್ಕೂ ಅವಕಾಶ ಸಿಕ್ಕಿತು. ಅಮ್ಮನೂ ನಡುನಡುವೆ ಪ್ರಶ್ನೆ ಕೇಳುತ್ತಲೇ ಇದ್ದರು.