ಪಕ್ಕದ ಕುರ್ಚಿ

ಜರ್ಮನಿಯಲ್ಲಿ ಮನೆ ಬದಲಿಸಿದವರು 2 ವಾರದೊಳಗೆ ಹೊಸ ವಿಳಾಸವನ್ನು ನೋಂದಾಯಿಸಬೇಕು. ಅದಕ್ಕೆಂದು ಸ್ಟುಟ್‌ಗಾರ್ಟ್ ಬಳಿಯ ನಮ್ಮ ಸಣ್ಣ ಊರಿನ ಪುರಸಭೆಗೆ ಹೋದಾಗ ಮೇಜಿನ ಹಿಂದೆ ಇಪ್ಪತ್ತೂ ತುಂಬದ ಹುಡುಗಿಯೊಬ್ಬಳು ಕುಳಿತಿದ್ದಳು. ಪಕ್ಕದ ಕುರ್ಚಿಯಲ್ಲಿ ತಲೆ ನರೆತ ಮಹಿಳೆಯೊಬ್ಬರು ಏನನ್ನೂ ಮುಟ್ಟದೆ, ಕೈಕಟ್ಟಿ ನೋಡುತ್ತಿದ್ದರು. ಹುಡುಗಿ ನನ್ನ ತಂದೆಯ ಹೆಸರನ್ನು ಊರ ಹೆಸರಿನ ಜಾಗದಲ್ಲಿ ತುಂಬಿದಾಗ ಮಾತ್ರ ಅವರ ಬೆರಳು ಪರದೆಯತ್ತ ಚಾಚಿತು. ಹುಡುಗಿಯದು ಆಸ್‌ಬಿಲ್ಡುಂಗ್ ಎನ್ನುವ ತರಬೇತಿಯಂತೆ. 3 ವರ್ಷ ಸಂಬಳ ಪಡೆಯುತ್ತಲೇ ಒಂದಿಷ್ಟು ಕಾಲ ಶಾಲೆ, ಉಳಿದ ಕಾಲ ಕಚೇರಿ.

ನನಗೆ ಕೊಪ್ಪಳ ಜಿಲ್ಲೆಯ ನಮ್ಮೂರ ಪಂಚಾಯಿತಿ ನೆನಪಾಯಿತು. ಕಳೆದ ರಜೆಯಲ್ಲಿ ಅಪ್ಪನ ಮನೆಯ ಆಸ್ತಿ ದಾಖಲೆಯಾದ ನಮೂನೆ 9ರಲ್ಲಿ ತಪ್ಪಾಗಿದ್ದ ಚಕ್ಕುಬಂದಿಯನ್ನು ತಿದ್ದಿಸಲು ಹೋಗಿದ್ದೆ. ಪಿಡಿಒಗೆ ಎರಡು ಪಂಚಾಯಿತಿಗಳ ಪ್ರಭಾರ, ಅಂದು ಅವರು ಇನ್ನೊಂದರಲ್ಲಿದ್ದರು. ಕಂಪ್ಯೂಟರ್ ಮುಂದಿದ್ದ ಹುಡುಗ, "ಬಿಲ್ ಕಲೆಕ್ಟರ್ ರಿಟೈರ್ ಆದ್ರಲ್ರೀ, ಅವ್ರಿಗೇ ಗೊತ್ತಿತ್ತು" ಎಂದು ಕೈಚೆಲ್ಲಿದ. ಕೊನೆಗೆ ಆ ಹಿರಿಯರ ಮನೆಗೇ ಹೋದೆ. ಅವರು ಕಟ್ಟೆಯ ಮೇಲೆ ಕುಳಿತು, ಕಣ್ಣು ಮುಚ್ಚಿ, "ಮೂಡಲಕ್ಕ ಓಣಿ, ಬಡಗಲಕ್ಕ ನಿಮ್ಮ ಕಾಕಾರ ಹಿತ್ತಲ ಗ್ವಾಡಿ" ಎಂದು ನಾಲ್ಕೂ ದಿಕ್ಕನ್ನು ಒಪ್ಪಿಸಿದರು.

ನೌಕರನ ನಿವೃತ್ತಿಯ ತಿಂಗಳು ಅವನು ಕೆಲಸಕ್ಕೆ ಸೇರಿದ ದಿನವೇ ಲೆಕ್ಕಕ್ಕೆ ಸಿಗುತ್ತದೆ. ಆದರೂ ನಮ್ಮಲ್ಲಿ ಶಾಲು, ಹಾರ, ಗ್ರೂಪ್ ಫೋಟೊ ಎಲ್ಲ ಮುಗಿದು ಕುರ್ಚಿ ಖಾಲಿಯಾದ ಮೇಲಷ್ಟೇ ಹುದ್ದೆ ತುಂಬುವ ಕಡತ ಏಳುತ್ತದೆ. ಆರ್ಥಿಕ ಇಲಾಖೆಯ ಒಪ್ಪಿಗೆ, ಅಧಿಸೂಚನೆ, ಪರೀಕ್ಷೆ, ತಡೆಯಾಜ್ಞೆಗಳನ್ನೆಲ್ಲ ದಾಟಿ ಹೊಸಬ ಬರುವ ಹೊತ್ತಿಗೆ ಅವನಿಗೆ ಬೆರಳು ತೋರಿಸುವವರು ಯಾರೂ ಉಳಿದಿರುವುದಿಲ್ಲ. ಹುಡುಗರಿಗೇನೂ ಬರವಿಲ್ಲ. 2024ರಲ್ಲಿ 1000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಲಕ್ಷಗಟ್ಟಲೆ ಅರ್ಜಿ ಬಂದವು. ಸಂವಿಧಾನಕ್ಕೆ 371ಜೆ ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80 ನಮ್ಮವರಿಗೇ ಮೀಸಲು. ಇಷ್ಟೆಲ್ಲ ಇದ್ದೂ ಆರು ತಿಂಗಳ ಮಟ್ಟಿಗೆ ಇನ್ನೊಂದು ಕುರ್ಚಿ ಹಾಕಲು ನಮಗೆ ಆಗುವುದಿಲ್ಲ.

ಇಲ್ಲಿಯದೂ ಬಂಗಾರವಲ್ಲ ಎಂಬುದನ್ನು ಒಲ್ಲದ ಮನಸ್ಸಿನಿಂದಲೇ ಹೇಳುತ್ತೇನೆ. ಪುರಸಭೆಯ ಕೆಲಸಕ್ಕೆ ಬರುವ ಯುವಕರು ಸಾಲದೆ ಇಲ್ಲಿ ಖಾಲಿ ಬಿದ್ದ ಮೇಜುಗಳಿವೆ, ನೋಂದಣಿಯ ಸರದಿಗೆ ನಾನೂ ಬಹಳ ದಿನ ಕಾದಿದ್ದೆ. ಅಲ್ಲದೆ, ನಿವೃತ್ತರೊಬ್ಬರ ಮನೆಯ ಕದ ತಟ್ಟಿ ಕಚೇರಿ ಕೆಲಸ ಕೇಳುವುದನ್ನು ಇಲ್ಲಿ ಯಾರೂ ಊಹಿಸಲಾರರು. ನಮ್ಮೂರಿನ ಹಿರಿಯರಾದರೋ ಚಹಾ ಕುಡಿಸಿ, ತಮ್ಮ ಟಿವಿಎಸ್ ಮೇಲೆ ನನ್ನನ್ನು ಕೂರಿಸಿಕೊಂಡು ಪಂಚಾಯಿತಿಗೆ ಬಂದರು. ಆ ಹುಡುಗನ ಪಕ್ಕದಲ್ಲಿ ಕೂರಲು ಕುರ್ಚಿಯಿಲ್ಲದೆ, ಮುಕ್ಕಾಲು ಗಂಟೆ ನಿಂತೇ ಬರೆಸಿದರು.