ಒಣಗಿದೆಯಾ ಅಂತ ಮುಟ್ಟಿ ನೋಡುವವರಿಗೆ

ಹಸಿ ಪೇಂಟ್ ಕಂಡರೆ ಜನರಿಗೆ ಬೆರಳು ಯಾಕೆ ತುರಿಸುತ್ತೆ, ಯಾರಾದರೂ ಹೇಳಿ. ನನ್ನ ಕಾರಿನ ಬಾನೆಟ್ ಮೇಲೆ ಈಗ ಒಂದು ಹೆಬ್ಬೆಟ್ಟಿನ ಗುರುತಿದೆ. ಗೆರೆ ಗೆರೆ ಸಮೇತ, ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿಸಿಕೊಂಡ ಹಾಗೆ ಮೂಡಿದೆ. ಒತ್ತಿದವರು ಎದುರು ಮನೆ ಅಂಕಲ್. ಒತ್ತಿ, ಬೆರಳು ನೋಡಿಕೊಂಡು, ಪಂಚೆಗೆ ಒರೆಸಿಕೊಂಡು, "ಇನ್ನೂ ಸ್ವಲ್ಪ ಹಸಿ ಇದೆ ಕಣಪ್ಪಾ" ಅಂದರು. ಗೊತ್ತು ಅಂಕಲ್. ಗೊತ್ತಿದ್ದಕ್ಕೇ ಅಲ್ವಾ ಶೆಡ್ ಸುತ್ತ ಪ್ಲಾಸ್ಟಿಕ್ ಕಟ್ಟಿ, "ಪೇಂಟ್ ಹಸಿ ಇದೆ, ಮುಟ್ಟಬೇಡಿ" ಅಂತ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ನೇತುಹಾಕಿದ್ದು! ಆ ರಟ್ಟನ್ನು ಪಕ್ಕಕ್ಕೆ ಸರಿಸಿಕೊಂಡು ಒಳಗೆ ಬಂದಿದ್ದಾರೆ ಪುಣ್ಯಾತ್ಮರು.

ಮನೆಯಲ್ಲೇ ಯಾಕೆ ಪೇಂಟ್ ಹೊಡೀತೀರಾ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕತ್ರಿಗುಪ್ಪೆಯ ಹಳೇ ಬಾಡಿಗೆ ಮನೆಯಲ್ಲಿ ಪಾರ್ಕಿಂಗ್ ಇರಲಿಲ್ಲ. ವರ್ಷಗಟ್ಟಲೆ ಕಾರು ರಸ್ತೆಯಲ್ಲೇ ಬಿಸಿಲಲ್ಲಿ ನಿಂತಿತು. ಬಿಸಿಲಿಗೆ ಮೊದಲು ಹೋಗುವುದು ಬಾನೆಟ್ ಮತ್ತು ಟಾಪ್. ಮೇಲಿನ ಕ್ಲಿಯರ್ ಕೋಟ್ ಪೊರೆ ಬಿಟ್ಟು, ಕೆಳಗಿನ ಬೆಳ್ಳಿ ಬಣ್ಣ ಬೂದಿ ಬಣ್ಣವಾಗಿತ್ತು. ಗ್ಯಾರೇಜಿನವರು ಒಂದೊಂದು ಪ್ಯಾನೆಲ್‌ಗೆ ನಾಲ್ಕು ಸಾವಿರ ಕೇಳಿದರು. ದೊಡ್ಡ ಸರ್ವಿಸ್ ಸೆಂಟರ್‌ನವರ ರೇಟು ಕೇಳಿ ಸುಮ್ನೆ ಎದ್ದು ಬಂದೆ. ಹಳೇ ಕಾರಿಗೆ ಅಷ್ಟು ಸುರಿದರೆ ಮಾರುವಾಗ ಅದರ ಅರ್ಧವೂ ಬರುವುದಿಲ್ಲ. ಈಗಿನ ಮನೆಯಲ್ಲಿ ಶೆಡ್ ಇದೆ. ಓನರ್ ಆಂಟಿ ಒಪ್ಪಿದ್ದಾರೆ. ಪರಿಚಯದ ಹುಡುಗನೊಬ್ಬ ಕಂಪ್ರೆಸರ್, ಪೇಂಟ್ ಹೊಡೆಯುವ ಸ್ಪ್ರೇ ಗನ್ ಎರಡೂ ಕೊಟ್ಟ. ಜೆ.ಸಿ. ರೋಡಿಗೆ ಹೋಗಿ ಕಲರ್ ಕೋಡ್ ತೋರಿಸಿ ಬಣ್ಣ ಮಿಕ್ಸ್ ಮಾಡಿಸಿದೆ. ಪ್ರೈಮರ್, ಕ್ಲಿಯರ್, ಹಾರ್ಡನರ್, ತಿನ್ನರ್, ವಾಟರ್ ಪೇಪರ್, ಮಾಸ್ಕಿಂಗ್ ಟೇಪ್ ಎಲ್ಲಾ ತಂದೆ. ನನ್ನ ಕಾರು, ನನ್ನ ದುಡ್ಡು, ನನ್ನ ಭಾನುವಾರ. ಇದರಲ್ಲಿ ಬೀದಿಯವರಿಗೆಲ್ಲ ಏನು ಕೆಲಸ?

ಶುರುವಾಗಿದ್ದು ಉಜ್ಜುವಾಗಲೇ. ಪ್ರೈಮರ್ ಒಣಗಿದ ಮೇಲೆ 800 ನಂಬರ್ ವಾಟರ್ ಪೇಪರ್ ಹಿಡಿದು ಕೂತಿದ್ದೆ. ಹೆಸರೇ ಹೇಳುವ ಹಾಗೆ ಅದಕ್ಕೆ ನೀರು ಬೇಕು. ಅದ್ದಿ ಅದ್ದಿ ಉಜ್ಜಬೇಕು, ಇಲ್ಲದಿದ್ದರೆ ಪುಡಿ ಕಟ್ಟಿಕೊಂಡು ಗೀರು ಬೀಳುತ್ತೆ. ಪಕ್ಕದಲ್ಲಿ ಒಂದು ಬಕೆಟ್, ಅದರಲ್ಲಿ ಬೋರ್ ನೀರು, ಅಷ್ಟೇ. ಪಕ್ಕದ ಬಿಲ್ಡಿಂಗ್ ಬಾಲ್ಕನಿಯಿಂದ ಒಬ್ಬರು, "ಏನ್ರೀ, ಕಾವೇರಿ ನೀರಲ್ಲಿ ಕಾರು ತೊಳೀತಿದ್ದೀರಾ? ಐದು ಸಾವಿರ ದಂಡ ಹಾಕ್ತಾರೆ ಗೊತ್ತಾ?" ಅಂತ ಕೂಗಿದರು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ, ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ನನಗೂ ನೆನಪಿದೆ. ಆದರೆ ಇದು ಬೋರ್ ನೀರು ತಾಯಿ, ಅದೂ ಬರೀ ಒಂದು ಬಕೆಟ್, ನಾನು ತೊಳೆಯುತ್ತಲೂ ಇಲ್ಲ ಅಂದರೆ ಅವರು ಮೊಬೈಲ್ ತೆಗೆದು ಫೋಟೋ ಹೊಡೆಯುತ್ತಿದ್ದಾರೆ. ಅವರದೇ ಮನೆಯ ಓವರ್‌ಹೆಡ್ ಟ್ಯಾಂಕ್ ತುಂಬಿ ಮೋರಿಗೆ ಹರಿಯುವುದು ಇಡೀ ರಸ್ತೆಗೇ ಗೊತ್ತು. ಇರಲಿ.

ಬಣ್ಣ ಹೊಡೆಯುವ ದಿನ ಬೆಳಿಗ್ಗೆ ಬೇಗ ಎದ್ದೆ. ಗಾಳಿ ಏಳುವ ಮೊದಲು, ರಸ್ತೆಯಲ್ಲಿ ಟ್ಯಾಂಕರ್ ಓಡಾಡಿ ಧೂಳು ಎಬ್ಬಿಸುವ ಮೊದಲು ಮುಗಿಸಬೇಕು ಅಂತ. ಒಮ್ಮೆ ಕರೆಂಟ್ ಹೋಯಿತು, ಬಂತು. ಹೊಂಗೆ ಹೂವು ಒಂದೆರಡು ಹಾರಿ ಬಂದವು. ಸಣ್ಣ ಹುಳವೊಂದು ಬಾನೆಟ್ ಅಂಚಿನಲ್ಲಿ ಕೂತು ಅಲ್ಲೇ ಸತ್ತಿತು. ಇದಕ್ಕೆಲ್ಲ ನನಗೆ ಕೋಪವಿಲ್ಲ. ಹೂವಿಗೆ, ಹುಳಕ್ಕೆ ಕನ್ನಡ ಓದಲು ಬರಲ್ಲ.

ಈಗ ಆ ಹೆಬ್ಬೆಟ್ಟಿನ ವಿಷಯಕ್ಕೆ ಬರೋಣ. "ಅಷ್ಟೇ ತಾನೇ, ಅಲ್ಲಿಗೆ ಮಾತ್ರ ಸ್ವಲ್ಪ ಹಚ್ಚಿಬಿಡು" ಅಂದರು ಅಂಕಲ್. ಇದು ಕಿಟಕಿ ಸರಳಿಗೆ ಹೊಡೆಯುವ ಎನಾಮೆಲ್ ಅಲ್ಲ. ಮೊದಲು ಬೇಸ್ ಕೋಟ್, ಅಂದರೆ ಬಣ್ಣ. ಅದರ ಮೇಲೆ ಕ್ಲಿಯರ್, ಅಂದರೆ ಹೊಳಪು ಕೊಟ್ಟು ಬಣ್ಣ ಕಾಯುವ ಪದರ. ಕ್ಲಿಯರ್‌ಗೆ ಹಾರ್ಡನರ್ ಬೆರೆಸಿದ ಕ್ಷಣದಿಂದಲೇ ಅದು ಗಟ್ಟಿಯಾಗಲು ಶುರು. ಗನ್ನಿನಲ್ಲಿ ಉಳಿದಿದ್ದನ್ನು ವಾಪಸ್ ಡಬ್ಬಿಗೆ ಸುರಿದಿಟ್ಟುಕೊಳ್ಳುವ ಹಾಗಿಲ್ಲ. ಬಾಡಿ ಶಾಪ್‌ಗಳಲ್ಲಿ ಬೂತ್, ಅಂದರೆ ಪೇಂಟ್ ಹೊಡೆಯಲೆಂದೇ ಮುಚ್ಚಿದ ಕೋಣೆ ಇರುತ್ತೆ. ಅಲ್ಲಿ 60 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಕೊಟ್ಟು ಒಣಗಿಸುತ್ತಾರೆ. ನನ್ನ ಶೆಡ್‌ನಲ್ಲಿ ಇರುವುದು ಬೆಂಗಳೂರಿನ ಗಾಳಿ ಮಾತ್ರ. ಮೇಲ್ಮೈ ಒಣಗಿದ ಹಾಗೆ ಬೇಗ ಕಾಣುತ್ತೆ, ಒಳಗೆ ಮೆತ್ತಗೇ ಇರುತ್ತೆ. ಒಂದಿಡೀ ದಿನವಾದರೂ ಕೈ ಇಡಬಾರದು, ಪೂರ್ತಿ ಗಟ್ಟಿಯಾಗಲು ವಾರವೇ ಬೇಕು. ಹಾಗೆ ಮೆತ್ತಗಿರುವಾಗಲೇ ಇವರ ಬೆರಳು ಬಿದ್ದಿದ್ದು.

ಗುರುತು ಕ್ಲಿಯರ್‌ನಲ್ಲಷ್ಟೇ ನಿಂತಿದ್ದರೆ, ಗಟ್ಟಿಯಾದ ಮೇಲೆ 1500, 2000 ನಂಬರಿನ ಇನ್ನೂ ನುಣುಪು ಪೇಪರಿನಲ್ಲಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಅನ್ನುವ ಪೇಸ್ಟ್ ಹಾಕಿ ಪಾಲಿಶ್ ಮಾಡಿದರೆ ಹೋಗುತ್ತಿತ್ತು. ಇವರು ಒತ್ತಿದ್ದು ಮಾತ್ರವಲ್ಲ, ಒರೆಸಿಯೂ ನೋಡಿದ್ದಾರೆ! ಕೆಳಗಿನ ಬೆಳ್ಳಿ ಬಣ್ಣವೂ ಕದಡಿದೆ. ಬೆಳ್ಳಿ ಬಣ್ಣದಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಗನ್ ಎಷ್ಟು ದೂರ ಹಿಡಿದೆವು, ಪ್ರೆಶರ್ ಎಷ್ಟಿತ್ತು ಅನ್ನುವುದರ ಮೇಲೆ ಆ ಚೂರುಗಳು ಮಲಗುವ ರೀತಿ ಬದಲಾಗುತ್ತೆ, ಜೊತೆಗೆ ಶೇಡ್ ಕೂಡ. ಹಾಗಾಗಿ ಎರಡು ಇಂಚು ಜಾಗಕ್ಕೆ ಮಾತ್ರ ಹೊಡೆದರೆ ಅದೇ ಡಬ್ಬಿಯ ಬಣ್ಣವಾದರೂ ತೇಪೆ ಎದ್ದು ಕಾಣುತ್ತೆ, ಮೋಡ ಮುಚ್ಚಿದ ದಿನ ಅಷ್ಟಾಗಿ ಕಾಣದೆ ಬಿಸಿಲು ಬಂದ ಕೂಡಲೇ ಇನ್ನೂ ಜಾಸ್ತಿ ಕಾಣುತ್ತೆ. ಅಂದರೆ ಪೂರ್ತಿ ಬಾನೆಟ್ ಮತ್ತೆ ಉಜ್ಜಬೇಕು, ಮತ್ತೆ ಬೇಸ್, ಮತ್ತೆ ಕ್ಲಿಯರ್. ಎರಡು ಸೆಕೆಂಡಿನ ಕುತೂಹಲಕ್ಕೆ ಇಷ್ಟು ಕೆಲಸ. "ಸಾರಿ" ಅಂತ ಒಂದು ಮಾತಾದರೂ ಬಂತಾ? ಇಲ್ಲ. "ಗ್ಯಾರೇಜಿಗೆ ಕೊಟ್ಟಿದ್ದರೆ ಹಿಂಗಾಗ್ತಿರಲಿಲ್ಲ" ಅಂದರು. ಹೌದು, ಗ್ಯಾರೇಜಿಗೆ ನೀವು ಬರುತ್ತಿರಲಿಲ್ಲವಲ್ಲ!

ಇನ್ನೂ ಸಿಟ್ಟು ಬಂದಿದ್ದು ಮಕ್ಕಳ ವಿಷಯದಲ್ಲಿ. ಕ್ಲಿಯರ್ ಹೊಡೆಯುವಾಗ ನಾನು ಎರಡೂ ಕಡೆ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿದ್ದೆ. ಹಾರ್ಡನರ್‌ನಲ್ಲಿ ಐಸೋಸೈನೇಟ್ ಅನ್ನುವ ರಾಸಾಯನಿಕ ಇರುತ್ತೆ, ಅದರ ಮಂಜು ಉಸಿರಿಗೆ ಹೋದರೆ ಅಸ್ತಮಾ ಬರಬಹುದು, ಬಟ್ಟೆ ಮಾಸ್ಕ್ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಅಕ್ಕಪಕ್ಕದವರಿಗೆಲ್ಲ ಹಿಂದಿನ ದಿನವೇ ಹೇಳಿದ್ದೆ, ಬೆಳಿಗ್ಗೆ ಕಿಟಕಿ ಮುಚ್ಚಿಕೊಳ್ಳಿ, ಈ ಕಡೆ ಬರಬೇಡಿ ಅಂತ. ಎಲ್ಲರೂ ಆಯ್ತು ಆಯ್ತು ಅಂದಿದ್ದರು. ಬೆಳಿಗ್ಗೆ ಗನ್ ಹಿಡಿದು ತಿರುಗಿ ನೋಡಿದರೆ, ಒಬ್ಬರು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಪ್ಲಾಸ್ಟಿಕ್ ಎತ್ತಿ ಹಿಡಿದು, "ನೋಡು ಪುಟ್ಟ, ಮಾಮ ಬುಸ್ ಅಂತ ಹೊಡೀತಾರೆ" ಅಂತ ತೋರಿಸುತ್ತಾ ಇಡ್ಲಿ ತಿನ್ನಿಸುತ್ತಿದ್ದಾರೆ! ಮಾಸ್ಕ್ ಒಳಗಿಂದ ನಾನು ಕೂಗಿದ್ದು ಕೇಳಿಸಲಿಲ್ಲ. ಗನ್ ನಿಲ್ಲಿಸಿ ಹೊರಗೆ ಬಂದು ಹೇಳಿದೆ. ಮುಖ ಸಣ್ಣಗೆ ಮಾಡಿಕೊಂಡು ಹೋದರು. ಈಗ ನಾನು ಸಿಡುಕ ಅಂತ ಬೀದಿಯಲ್ಲೆಲ್ಲ ಮಾತು.

ಮಿಕ್ಕ ಸಲಹೆಗಾರರನ್ನು ಲೆಕ್ಕಕ್ಕೇ ಇಡುವುದಿಲ್ಲ. ಒಬ್ಬರು, ಪೇಂಟ್ ಹೊಡೆದರೆ ಆರ್‌ಟಿಓ ಪರ್ಮಿಷನ್ ಬೇಕು ಅಂತ ಹೆದರಿಸಿದರು. ಬಣ್ಣವೇ ಬೇರೆ ಮಾಡಿದರೆ ಆರ್‌ಸಿಯಲ್ಲಿ ಬದಲಾಯಿಸಿಕೊಳ್ಳಬೇಕು, ಅದೇ ಬಣ್ಣ ಮತ್ತೆ ಹೊಡೆದರೆ ಏನೂ ಬೇಡ ಅಂತ ಹೇಳಿದರೆ, "ನೋಡ್ಕೊಳ್ಳಿ, ಆಮೇಲೆ ಹೇಳಲಿಲ್ಲ ಅನ್ನಬೇಡಿ" ಅಂತ ಹೊರಟರು. ಇನ್ನೊಬ್ಬರಂತೂ ಬೈಕ್ ನಿಲ್ಲಿಸಿ, ಪೂರಾ ಕೇಸರಿ ಮಾಡಿಬಿಡಿ ಸಾರ್, ಮಸ್ತ್ ಇರುತ್ತೆ ಅಂದರು. ಯಾರಪ್ಪಾ ನೀನು?

ಮುಂದಿನ ಭಾನುವಾರ ಬಾನೆಟ್ ಮತ್ತೆ ಹೊಡೆಯುತ್ತೇನೆ. ಉಳಿದ ಬಣ್ಣ ಸಾಲಲ್ಲ, ಹಾಗಾಗಿ ಮತ್ತೆ ಜೆ.ಸಿ. ರೋಡಿಗೆ ಹೋಗಬೇಕು, ಹೊಸ ಡಬ್ಬಿಯ ಶೇಡ್ ಹಳೆಯದಕ್ಕೆ ಹೊಂದುತ್ತಾ ಅಂತ ಬೇರೆ ತಲೆಬಿಸಿ. ಈ ಸಲ ಪ್ಲಾಸ್ಟಿಕ್ ಜೊತೆಗೆ ಗೇಟಿಗೆ ಬೀಗ ಕೂಡ. ಅಂಕಲ್‌ಗೆ ಮುಟ್ಟಲೇಬೇಕು ಅನ್ನಿಸಿದರೆ ಅವರ ಮನೆ ಮುಂದೆಯೇ ಒಂದು ಹೊಸ ಬಿಳಿ ಕಾರು ನಿಂತಿದೆ. ಅದರ ಮೇಲೆ ಒಂದು ಎಲೆ ಬಿದ್ದರೂ ಓಡಿ ಬಂದು ಒರೆಸುತ್ತಾರೆ.